ಕೆಂಡ್ರಿಕ್ ಲೆಮಾರ್‌ನ 'ಜಿಎನ್‌ಎಕ್ಸ್': ಟಿಡಿಇ ಬಿಟ್ಟ ಮೇಲಿನ ಮೊದಲ ಆಲ್ಬಂ, ನಿಜಕ್ಕೂ ಏನು ಬದಲಾಯಿತು?

ಬೂಮ್‌ಬ್ಯಾಪ್_ಬಸ್ಯಾ

2024ರಲ್ಲಿ ಅಮೆರಿಕದ ರ್‍ಯಾಪರ್ ಕೆಂಡ್ರಿಕ್, ಕೆನಡಾದ ಡ್ರೇಕ್ ಇಬ್ಬರೂ ಹಾಡಿನಲ್ಲೇ ಬೈದಾಡಿಕೊಂಡರಲ್ಲ, ಆ ಗಲಾಟೆಯಲ್ಲಿ ಒಂದು ವಿಷಯ ಯಾರೂ ಸರಿಯಾಗಿ ಮಾತಾಡಲೇ ಇಲ್ಲ. 'ಜಿಎನ್‌ಎಕ್ಸ್' ಕೆಂಡ್ರಿಕ್‌ನ ಆರನೇ ಸ್ಟುಡಿಯೋ ಆಲ್ಬಂ. ಟಾಪ್ ಡಾಗ್ ಎಂಟರ್‌ಟೈನ್‌ಮೆಂಟ್, ಅಂದರೆ ಟಿಡಿಇ ಅನ್ನುವ ಲೇಬಲ್ (ಹಾಡು ಹೊರತರುವ ಕಂಪನಿ) ಬಿಟ್ಟು ಹೊರಗೆ ಬಂದ ಮೇಲೆ ಮಾಡಿದ ಮೊದಲನೆಯದು. ಡಾ. ಡ್ರೆಯ ಆಫ್ಟರ್‌ಮ್ಯಾತ್ ಹೆಸರೂ ಈ ಸಲ ಇಲ್ಲ. 2022ರ 'ಮಿಸ್ಟರ್ ಮೊರೇಲ್' ಆಲ್ಬಂ ಮೇಲೆ ನಾಲ್ಕು ಲೇಬಲ್ ಹೆಸರು ಇದ್ದವು: ಪಿಜಿಲ್ಯಾಂಗ್, ಟಿಡಿಇ, ಆಫ್ಟರ್‌ಮ್ಯಾತ್, ಇಂಟರ್‌ಸ್ಕೋಪ್. ಇದರ ಮೇಲೆ ಪಿಜಿಲ್ಯಾಂಗ್, ಇಂಟರ್‌ಸ್ಕೋಪ್ ಎರಡೇ. ಪಿಜಿಲ್ಯಾಂಗ್ ಅವನ ಸ್ವಂತದ್ದು. ಹಳೇ ಗೆಳೆಯ ಡೇವ್ ಫ್ರೀ ಜೊತೆ ಸೇರಿ 2020ರಲ್ಲಿ ಶುರು ಮಾಡಿದ್ದು.

ಬಂದ ರೀತಿಯೂ ನೋಡಿ. 2024ರ ನವೆಂಬರ್ 22, ಶುಕ್ರವಾರ. ಮುಂಚೆ ಒಂದು ಪೋಸ್ಟರ್ ಇಲ್ಲ, ಒಂದು ಸಂದರ್ಶನ ಇಲ್ಲ. ಸುಮಾರು ಒಂದು ನಿಮಿಷದ ವಿಡಿಯೋ ಹಾಕಿದ, ಅರ್ಧ ಗಂಟೆಯೊಳಗೆ 12 ಹಾಡಿನ ಪೂರ್ತಿ ಆಲ್ಬಂ ಬಂದೇಬಿಟ್ಟಿತು. ಮಜಾ ಏನಂದರೆ ಆ ವಿಡಿಯೋದಲ್ಲಿ ಕೇಳಿಸಿದ ಹಾಡು ಆಲ್ಬಂನಲ್ಲೇ ಇಲ್ಲ! ಮಾರ್ಕೆಟಿಂಗ್ ಮೀಟಿಂಗ್‌ನಲ್ಲಿ ಕೂತು ಯಾವ ಲೇಬಲ್‌ನವರೂ ಇದಕ್ಕೆ ಸುಲಭವಾಗಿ ಹೂಂ ಅನ್ನುವುದಿಲ್ಲ.

ನಾನು ಹೇಳುವುದು ಇಷ್ಟೇ. ಇದನ್ನು ಡ್ರೇಕ್ ಮೇಲಿನ ಗೆಲುವಿನ ಮೆರವಣಿಗೆ ಅಂತ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. 17ನೇ ವಯಸ್ಸಿನ ಹೊತ್ತಿಗೆ ಸೇರಿದ ಮನೆಯಿಂದ ಹೊರಗೆ ಬಂದವನು, ಈಗ ತನ್ನ ಮನೆಗೆ ಯಾರನ್ನು ಕರೆಯುತ್ತಾನೆ ಅನ್ನುವುದೇ ಈ ಆಲ್ಬಂ. ಬರೀ ಒಪ್ಪಂದದ ಕಾಗದದಲ್ಲಿ ಅಲ್ಲ, ಕಿವಿಗೇ ಕೇಳಿಸುವಷ್ಟು ಬದಲಾವಣೆ ಇದೆ. ಒಪ್ಪದವರು ಬನ್ನಿ, ಜಗಳ ಆಡೋಣ.

ಹುಬ್ಳಿ_ಹೆಡ್‌ಫೋನ್

ಬಂದೆ ನೋಡಿ. ಇಂಟರ್‌ಸ್ಕೋಪ್ ಇನ್ನೂ ಇದೆ ಅಂದಮೇಲೆ ಲೇಬಲ್ ಬದಲಾಯಿತು ಅನ್ನುವುದು ಎಲ್ಲಿಂದ ಬಂತು? 2012ರ 'ಗುಡ್ ಕಿಡ್'ನಿಂದ ಇವತ್ತಿನವರೆಗೆ ಅದೇ ಇಂಟರ್‌ಸ್ಕೋಪ್. ಅದರ ಮೇಲಿನ ದೊಡ್ಡ ಕಂಪನಿ ಅದೇ ಯೂನಿವರ್ಸಲ್. ನಡುವೆ ಇದ್ದ ಎರಡು ಬೋರ್ಡ್ ತೆಗೆದು ತನ್ನ ಬೋರ್ಡ್ ಹಾಕಿಕೊಂಡ, ಅಷ್ಟೇ. ಇಷ್ಟಕ್ಕೇ ಸ್ವಾತಂತ್ರ್ಯ ಹೋರಾಟ ಅನ್ನೋ ಹಾಗೆ ಮಾತಾಡಿದರೆ ನಗು ಬರುತ್ತದೆ.

ಇನ್ನೊಂದು. ಹೊರಗೆ ಬಂದು ಕರೆದದ್ದು ಯಾರನ್ನು? ಜ್ಯಾಕ್ ಆಂಟನಾಫ್‌ನನ್ನು. ಟೇಲರ್ ಸ್ವಿಫ್ಟ್ ಪ್ರೊಡ್ಯೂಸರ್. ಬಹುತೇಕ ಎಲ್ಲ ಹಾಡಿನಲ್ಲೂ ಅವನ ಹೆಸರಿದೆ. ಇದಾ ಅವನ ಊರು ಕಾಂಪ್ಟನ್‌ನ ಆಲ್ಬಂ?

ಬೂಮ್‌ಬ್ಯಾಪ್_ಬಸ್ಯಾ

ಆಂಟನಾಫ್ ಹೆಸರು ನೋಡಿ ನನಗೂ ಮೊದಲು ಮುಖ ಸಿಂಡರಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವನ ಪಕ್ಕದಲ್ಲೇ ಸೌನ್‌ವೇವ್ ಹೆಸರು ಇದೆ. ಅವನು ಟಿಡಿಇ ಕಾಲದಿಂದ ಕೆಂಡ್ರಿಕ್ ಜೊತೆ ಇರುವವನು, ಪ್ರತಿ ಆಲ್ಬಂನಲ್ಲೂ ಇದ್ದಾನೆ. ಸೌನ್‌ವೇವ್, ಆಂಟನಾಫ್, ಸ್ಯಾಮ್ ಡ್ಯೂ ಮೂವರೂ ಸೇರಿ ರೆಡ್ ಹರ್ಸ್ ಅಂತ ಒಂದು ಗುಂಪು ಮಾಡಿ 2019ರಲ್ಲೇ ಆಲ್ಬಂ ತಂದಿದ್ದಾರೆ. ಹಾಗಾಗಿ ಇವನು ಲೇಬಲ್‌ನವರು ಕಳಿಸಿಕೊಟ್ಟ ಹಿಟ್ ಮಷೀನ್ ಅಲ್ಲ, ಸೌನ್‌ವೇವ್‌ನ ಗೆಳೆಯ. ಟೇಲರ್ ಸ್ವಿಫ್ಟ್ ಹಾಡಿನ ಹಾಗೆ ಕೇಳಿಸುವ ಒಂದೇ ಒಂದು ನಿಮಿಷ ಈ ಆಲ್ಬಂನಲ್ಲಿ ತೋರಿಸಿ ನೋಡೋಣ.

ಕರೆದವರ ಪಟ್ಟಿ ಪೂರ್ತಿ ಓದಿ. ಡೋಡಿ6, ಲೆಫ್ಟಿ ಗನ್‌ಪ್ಲೇ, ವಾಲೀ ದ ಸೆನ್ಸೇ, ಸಿಯೆಟೆ7ಎಕ್ಸ್, ಎಝಡ್ ಚೈಕ್, ಹಿಟ್ಟಾ ಜೆ3, ಯಂಗ್‌ಥ್ರೆಟ್, ಪೇಸೋ. ಇದರಲ್ಲಿ ಎಷ್ಟು ಜನರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಎಲ್ಲರೂ ಲಾಸ್ ಏಂಜಲೀಸ್ ಸುತ್ತಮುತ್ತಲಿನ ಹುಡುಗರು. ಕರಿಯರೂ ಇದ್ದಾರೆ, ಲ್ಯಾಟಿನೋಗಳೂ ಇದ್ದಾರೆ. ಹೊರಗಿನವರಿಗೆ ಪರಿಚಯ ಇದ್ದವರು ಅಂದರೆ ರಾಡಿ ರಿಚ್ ಮತ್ತು ಸಿಝಾ. ಜಗತ್ತಿನ ಎಲ್ಲ ಕಿವಿಗಳೂ ತನ್ನ ಕಡೆ ತಿರುಗಿದ್ದ ವರ್ಷ ಅದು. ಆಗ ಯಾರನ್ನು ಬೇಕಾದರೂ ಕರೆಯಬಹುದಿತ್ತು, ಅಲ್ವಾ?

ಎರಡನೇ_ವರ್ಸ್

ನಾನು ಹೊಸಬ. ಡ್ರೇಕ್ ಮೇಲೆ ಕೆಂಡ್ರಿಕ್ ಮಾಡಿದ 'ನಾಟ್ ಲೈಕ್ ಅಸ್' ಕೇಳಿ ಇಲ್ಲಿಗೆ ಬಂದವನು. ಜಿಎನ್‌ಎಕ್ಸ್ ಅಂದರೆ ಏನು? ಆಮೇಲೆ ಟಿಡಿಇ ಬಿಟ್ಟದ್ದು ಯಾಕೆ? ಜಗಳ ಆಯಿತಾ?

ಕ್ಯಾಸೆಟ್_ಕಾಲದವ

ಕಾರಿನ ಹೆಸರು ಸ್ವಾಮಿ. ಬ್ಯೂಕ್ ಕಂಪನಿಯ ಗ್ರ್ಯಾಂಡ್ ನ್ಯಾಷನಲ್ ಎಕ್ಸ್‌ಪೆರಿಮೆಂಟಲ್. 1987ರಲ್ಲಿ ಮಾತ್ರ ತಯಾರಾಯಿತು, ಒಟ್ಟು 547 ಕಾರು. ಎಲ್ಲವೂ ಕಪ್ಪು. 3.8 ಲೀಟರ್ ಟರ್ಬೋ ವಿ6 ಎಂಜಿನ್. ಕೆಂಡ್ರಿಕ್ ಹುಟ್ಟಿದ್ದೂ 1987ರಲ್ಲೇ, ಜೂನ್ 17, ಕಾಂಪ್ಟನ್‌ನಲ್ಲಿ. ಕವರ್ ಮೇಲಿನ ಕಪ್ಪು ಬಿಳುಪು ಫೋಟೋದಲ್ಲಿ ಅವನ ಹಿಂದೆ ಇರುವುದು ಅದೇ ಕಾರು. 2025ರಲ್ಲಿ ಸಿಝಾ ಜೊತೆ ಮಾಡಿದ ಟೂರ್‌ಗೂ ಗ್ರ್ಯಾಂಡ್ ನ್ಯಾಷನಲ್ ಅಂತಲೇ ಹೆಸರಿಟ್ಟ.

ಬಿಟ್ಟದ್ದು ಯಾಕೆ ಅಂತ ಬಸ್ಯಾ ಹೇಳಲಿ. ಅವನಿಗೆ ಅದೇ ಹುಚ್ಚು.

ಬೂಮ್‌ಬ್ಯಾಪ್_ಬಸ್ಯಾ

ಹೇಳುತ್ತೇನೆ, ಉದ್ದ ಆಗುತ್ತದೆ, ಬೈಯಬೇಡಿ.

ಟಿಡಿಇ ಶುರು ಮಾಡಿದವನು ಆಂಥೊನಿ ಟಿಫಿತ್, ಎಲ್ಲರೂ ಟಾಪ್ ಡಾಗ್ ಅನ್ನುತ್ತಾರೆ. 2004. ಕಾರ್ಸನ್ ಊರಿನಲ್ಲಿ ಅವನ ಮನೆಯೇ ಸ್ಟುಡಿಯೋ. ಹದಿಹರೆಯದ ಕೆಂಡ್ರಿಕ್ ಅಲ್ಲಿಗೆ ಬಂದಾಗ ಅವನು ಅಲ್ಲಿ ನಂಬರ್ ಒನ್ ಕೂಡ ಅಲ್ಲ. ಎಲ್ಲರ ಕಣ್ಣು ಜೇ ರಾಕ್ ಮೇಲೆ. ಆಮೇಲೆ ಆಬ್ ಸೋಲ್, ಸ್ಕೂಲ್‌ಬಾಯ್ ಕ್ಯೂ ಬಂದರು, ನಾಲ್ವರೂ ಸೇರಿ ಬ್ಲ್ಯಾಕ್ ಹಿಪ್ಪಿ ಅಂತ ಗುಂಪು ಮಾಡಿದರು. ಆದರೆ ಗುಂಪಿನ ಆಲ್ಬಂ ಬರಲೇ ಇಲ್ಲ. 2011ರ 'ಸೆಕ್ಷನ್.80' ಟಿಡಿಇ ತಾನೇ ಹೊರತಂದದ್ದು. 2012ರಲ್ಲಿ ಇಂಟರ್‌ಸ್ಕೋಪ್, ಆಫ್ಟರ್‌ಮ್ಯಾತ್ ಜೊತೆ ಒಪ್ಪಂದ ಆಯಿತು. ಆಮೇಲಿನ ಕಥೆ ಗೊತ್ತೇ ಇದೆ. 2017ರ 'ಡ್ಯಾಮ್' ಆಲ್ಬಂಗೆ ಮರುವರ್ಷ ಪುಲಿಟ್ಜರ್ ಬಂತು. ಅಲ್ಲಿಯವರೆಗೆ ಸಂಗೀತದ ಪುಲಿಟ್ಜರ್ ಶಾಸ್ತ್ರೀಯ ಮತ್ತು ಜ್ಯಾಝ್ ಬಿಟ್ಟು ಬೇರೆ ಯಾರಿಗೂ ಹೋಗಿರಲಿಲ್ಲ.

2021ರ ಆಗಸ್ಟ್‌ನಲ್ಲಿ ತನ್ನ ವೆಬ್‌ಸೈಟ್‌ನಲ್ಲಿ ಒಂದು ಪತ್ರ ಹಾಕಿದ: ಈಗ ಮಾಡುತ್ತಿರುವುದು ಟಿಡಿಇಗೆ ನನ್ನ ಕೊನೆಯ ಆಲ್ಬಂ ಅಂತ. ಅಂದರೆ ಹೊರಡುವುದನ್ನು ಸುಮಾರು ಒಂಬತ್ತು ತಿಂಗಳು ಮೊದಲೇ ಎಲ್ಲರಿಗೂ ಹೇಳಿ, ಕೊಡಬೇಕಾದ ಆಲ್ಬಂ ಕೊಟ್ಟು ಹೊರಟ. ಕೋರ್ಟಿಲ್ಲ, ಬೈಗುಳ ಇಲ್ಲ.

ಈಗ ಹತ್ತನೇ ಹಾಡು ಕೇಳಿ, 'ಹಾರ್ಟ್ ಪಾರ್ಟ್ 6'. ಇದು ಪೂರ್ತಿ ಟಿಡಿಇ ಕಥೆ. ಹಿಂದೆ ಎಸ್‌ಡಬ್ಲ್ಯೂವಿ ಅನ್ನುವ ಗಾಯಕಿಯರ ಗುಂಪಿನ 1996ರ ಹಾಡಿನ ತುಣುಕು ಮೆಲ್ಲಗೆ ಸುತ್ತುತ್ತಿರುತ್ತದೆ. ಅದರ ಮೇಲೆ ಒಬ್ಬೊಬ್ಬರದೇ ಹೆಸರು ಬರುತ್ತದೆ. ಯಾರು ಎಲ್ಲಿ ಕೂರುತ್ತಿದ್ದರು, ಯಾರ ಹತ್ತಿರ ಯಾವ ಕಾರಿತ್ತು, ಮೂಲೆಯಲ್ಲಿ ಕೂತು ಗೊಣಗುತ್ತಾ ಬರೆಯುತ್ತಿದ್ದವನು ಯಾರು, ಎಲ್ಲ ಇದೆ. ಬ್ಲ್ಯಾಕ್ ಹಿಪ್ಪಿ ಆಲ್ಬಂ ಆಗದೆ ಹೋದದ್ದು ನನ್ನಿಂದಲೇ, ನನ್ನ ತಲೆ ಬೇರೆ ಕಡೆ ಹೋಗಿತ್ತು ಅಂತ ಅವನೇ ಹೇಳುತ್ತಾನೆ. ಕೊನೆಯಲ್ಲಿ ಹುಡುಗರಿಗೆ ಹೇಳುವ ಮಾತು ಇನ್ನೂ ಚೆನ್ನಾಗಿದೆ. ನಿಮ್ಮವರ ಜೊತೆ ಭಿನ್ನಾಭಿಪ್ರಾಯ ಬಂದರೆ ಸೋಶಿಯಲ್ ಮೀಡಿಯಾಗೆ ಹೋಗಬೇಡಿ, ಫೋನ್ ಎತ್ತಿ ಮಾತಾಡಿ ಅನ್ನುತ್ತಾನೆ. ಅದೇ ವರ್ಷ ಇಡೀ ಪ್ರಪಂಚದ ಎದುರು ಒಬ್ಬನನ್ನು ಹಾಡಿನಲ್ಲಿ ಚಚ್ಚಿ ಹಾಕಿದವನ ಬಾಯಲ್ಲಿ ಈ ಮಾತು! ಎರಡೂ ಅವನೇ.

ಲೇಬಲ್ ಬಿಟ್ಟ ರ್‍ಯಾಪರ್‌ಗಳು ಹಳೇ ಯಜಮಾನನ ಮೇಲೆ ಹಾಡು ಬರೆದದ್ದು ಬೇಕಾದಷ್ಟಿದೆ. ಥ್ಯಾಂಕ್ಸ್ ಹೇಳಿ ಬರೆದದ್ದು ಕಡಿಮೆ.

ಟೊರಾಂಟೋ_ತುಮಕೂರು

ಆ ಹೆಸರನ್ನು ಡ್ರೇಕ್ ಮೊದಲೇ ಬಳಸಿದ್ದ ಅನ್ನುವುದನ್ನು ಯಾಕೆ ಬಿಟ್ಟಿರಿ? 2024ರ ಮೇ 5ರಂದು ಅವನು ಬಿಟ್ಟ ಹಾಡಿನ ಹೆಸರೇ 'ದ ಹಾರ್ಟ್ ಪಾರ್ಟ್ 6'. ಕೆಂಡ್ರಿಕ್‌ನ 'ದ ಹಾರ್ಟ್' ಹಾಡುಗಳ ಸರಣಿಯ ಹೆಸರನ್ನೇ ಕದ್ದು ಅವನಿಗೆ ಹೊಡೆಯೋಣ ಅಂತ. ಆರು ತಿಂಗಳ ಮೇಲೆ ಕೆಂಡ್ರಿಕ್ ಅದೇ ಹೆಸರು ವಾಪಸ್ ತಗೊಂಡು, ಡ್ರೇಕ್ ಬಗ್ಗೆ ಹೇಳುವ ಬದಲು ಹಳೇ ಗೆಳೆಯರ ಬಗ್ಗೆ ಹಾಡಿದ. ಡ್ರೇಕ್ ಊರಿನಲ್ಲಿ ಕೂತು ಹೇಳುತ್ತಿದ್ದೇನೆ, ಅದು ಉಳಿದ ಎಲ್ಲ ಹೊಡೆತಕ್ಕಿಂತ ಜಾಸ್ತಿ ನೋವು ಕೊಡುವ ಹೊಡೆತ. ಆಫೀಸಿನಲ್ಲಿ ಈ ಆಲ್ಬಂ ಹೆಸರೆತ್ತಿದರೆ ಈಗಲೂ ಇಬ್ಬರು ಮಾತು ಬಿಡುತ್ತಾರೆ.

ಹುಬ್ಳಿಯವರ ಪ್ರಶ್ನೆಗೆ ಬಂದರೆ, ನಾನು ಅವರ ಪಕ್ಷ. ಡ್ರೇಕ್ ರಿಪಬ್ಲಿಕ್‌ನಲ್ಲಿ, ಕೆಂಡ್ರಿಕ್ ಇಂಟರ್‌ಸ್ಕೋಪ್‌ನಲ್ಲಿ. ಎರಡೂ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್. ಯಾರು ಗೆದ್ದರೂ ದುಡ್ಡು ಒಂದೇ ಕಡೆ. ಅದಕ್ಕೇ ನೋಡಿ, 2025ರ ಜನವರಿಯಲ್ಲಿ 'ನಾಟ್ ಲೈಕ್ ಅಸ್' ಹಾಡಿನ ವಿಷಯಕ್ಕೆ ಡ್ರೇಕ್ ಮಾನನಷ್ಟ ಕೇಸು ಹಾಕಿದ್ದು ಯೂನಿವರ್ಸಲ್ ಮೇಲೆ, ಕೆಂಡ್ರಿಕ್ ಮೇಲೆ ಅಲ್ಲ. ತನ್ನ ಕಂಪನಿಯ ಮೇಲೆ ತಾನೇ! ಅಕ್ಟೋಬರ್‌ನಲ್ಲಿ ಜಡ್ಜ್ ಅದನ್ನು ವಜಾ ಮಾಡಿದರು. ಬೈದಾಟದ ಹಾಡಿನ ಸಾಲುಗಳನ್ನು ಯಾರೂ ಸತ್ಯ ಸಂಗತಿ ಅಂತ ತಗೊಳ್ಳುವುದಿಲ್ಲ, ಅದು ಅಭಿಪ್ರಾಯ ಅಂತ.

ಟ್ರ್ಯಾಕ್_ಮಿಕ್ಸ್_ಮಂಗಳೂರು

ಇಲ್ಲಿ ಒಂದು ಮುಖ್ಯ ವಿಷಯ ಬಿಟ್ಟು ಹೋಗುತ್ತಿದೆ. ನಾನು ಆಡಿಯೋ ಕೆಲಸದವನು, ಸ್ವಲ್ಪ ಹೇಳುತ್ತೇನೆ.

ಆಲ್ಬಂನ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾರೂ ಓದುವುದಿಲ್ಲ. 'ಜಿಎನ್‌ಎಕ್ಸ್'ನಲ್ಲಿ ಆ ಸಾಲು ಹೇಳುವುದು: ರೆಕಾರ್ಡಿಂಗ್ ಹಕ್ಕು ಪಿಜಿಲ್ಯಾಂಗ್‌ನದು, ಇಂಟರ್‌ಸ್ಕೋಪ್‌ಗೆ ಲೈಸೆನ್ಸ್ ಮಾತ್ರ. ಇದು ಸಣ್ಣ ವಿಷಯ ಅಲ್ಲ.

ಸಾಮಾನ್ಯ ಒಪ್ಪಂದದಲ್ಲಿ ಏನಾಗುತ್ತದೆ ಅಂದರೆ, ಲೇಬಲ್ ಮುಂಗಡ ದುಡ್ಡು ಕೊಡುತ್ತದೆ, ಆ ದುಡ್ಡಲ್ಲಿ ನೀವು ಹಾಡು ಮಾಡುತ್ತೀರಿ, ಮಾಸ್ಟರ್ (ಮೂಲ ರೆಕಾರ್ಡಿಂಗ್) ಲೇಬಲ್‌ನದಾಗುತ್ತದೆ. ಮುಂಗಡ ನಿಮ್ಮ ರಾಯಲ್ಟಿಯಿಂದಲೇ ವಸೂಲಿ ಆಗುತ್ತದೆ. ವಸೂಲಿ ಮುಗಿದ ಮೇಲೂ ಮಾಸ್ಟರ್ ನಿಮಗೆ ಬರುವುದಿಲ್ಲ. ಲೈಸೆನ್ಸ್ ಒಪ್ಪಂದದಲ್ಲಿ ಮಾಸ್ಟರ್ ನಿಮ್ಮ ಹತ್ತಿರವೇ ಇರುತ್ತದೆ. ಲೇಬಲ್‌ಗೆ ಇಂತಿಷ್ಟು ಕಾಲ ಅದನ್ನು ಮಾರುವ, ಹಂಚುವ ಹಕ್ಕು ಕೊಡುತ್ತೀರಿ. ಸಿನಿಮಾದವರು ಬಂದು ಹಾಡು ಕೇಳಿದರೆ ಮಾತು ಮಾಸ್ಟರ್ ಇರುವವನ ಜೊತೆ ಆಗಬೇಕು.

ಹಾಗಾಗಿ ಹುಬ್ಳಿಯವರೇ, ಇಂಟರ್‌ಸ್ಕೋಪ್ ಹೆಸರು ಅದೇ ಇದೆ ನಿಜ. ಆದರೆ ಮೊದಲು ಯಜಮಾನರ ಸಾಲಲ್ಲಿ ಇತ್ತು, ಈಗ ಗುತ್ತಿಗೆದಾರರ ಸಾಲಲ್ಲಿ ಇದೆ.

ನಮ್ಮ ಕಡೆಯ ಕಥೆ ಕೇಳಬೇಕಾ? ಒಂದು ಆಡಿಯೋ ಕಂಪನಿಗೆ ನಾನು ಗೆಳೆಯರ ಜೊತೆ ಮಾಡಿದ ಹಾಡು ಕೊಟ್ಟಿದ್ದೆ. ಅಗ್ರಿಮೆಂಟ್‌ನಲ್ಲಿ ಬರೆದದ್ದು: ಇಡೀ ಬ್ರಹ್ಮಾಂಡಕ್ಕೆ, ಶಾಶ್ವತವಾಗಿ, ಈಗ ಇರುವ ಮತ್ತು ಮುಂದೆ ಕಂಡುಹಿಡಿಯುವ ಎಲ್ಲ ಮಾಧ್ಯಮಕ್ಕೆ. ಚಂದ್ರನ ಮೇಲೆ ಹಾಕಿದರೂ ದುಡ್ಡು ಅವರದೇ. ಈಗ ಅದೇ ಹಾಡನ್ನು ನನ್ನ ಚಾನೆಲ್‌ನಲ್ಲಿ ಹಾಕಿದರೆ ನನಗೇ ಕಾಪಿರೈಟ್ ನೋಟಿಸ್ ಬರುತ್ತದೆ.

ಎರಡನೇ_ವರ್ಸ್

ಅಯ್ಯೋ! ಅದಕ್ಕೆ ಏನೂ ಮಾಡುವ ಹಾಗಿಲ್ವಾ?

ಟ್ರ್ಯಾಕ್_ಮಿಕ್ಸ್_ಮಂಗಳೂರು

ಸ್ವಲ್ಪ ಇದೆ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಯಿತು. ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡುವ ಹಾಗೇ ಇಲ್ಲ. ಬರೆದುಕೊಟ್ಟರೂ ನಡೆಯುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಅಂಥ ಸೊಸೈಟಿಯಾದ ಐಪಿಆರ್‌ಎಸ್ ಸದಸ್ಯರಾದರೆ ಆ ಪಾಲು ವಸೂಲಿ ಮಾಡಿ ಕೊಡುತ್ತಾರೆ. ಆದರೆ ಮಾಸ್ಟರ್ ಬೇರೆ ವಿಷಯ. ಅದು ಹೋದರೆ ಹೋಯಿತು. ನಮ್ಮಲ್ಲಿ ರ್‍ಯಾಪ್ ಮಾಡುವ ಹುಡುಗರು ಇದನ್ನು ಸಹಿ ಹಾಕುವ ಮೊದಲು ಓದಲಿ ಅಂತ ಬರೆದೆ. ಆಯಿತು, ಕೆಂಡ್ರಿಕ್‌ಗೆ ವಾಪಸ್ ಹೋಗಿ.

ಕ್ಯಾಸೆಟ್_ಕಾಲದವ

ಹುಬ್ಳಿಯವರ ವಾದಕ್ಕೆ ನನ್ನದೊಂದು ಉತ್ತರ. ಡಿಸ್ಟ್ರಿಬ್ಯೂಟರ್ ಅದೇ ಇದ್ದು ಲೇಬಲ್ ಮಾತ್ರ ಬದಲಾದಾಗ ಏನಾಗುತ್ತದೆ ಅನ್ನುವುದಕ್ಕೆ ಟೂಪಾಕ್ ನೋಡಿ. 1995ರ 'ಮಿ ಅಗೇನ್ಸ್ಟ್ ದ ವರ್ಲ್ಡ್' ಇಂಟರ್‌ಸ್ಕೋಪ್. ಅದು ಬಂದಾಗ ಅವನು ಜೈಲಿನಲ್ಲಿದ್ದ. ಅಕ್ಟೋಬರ್‌ನಲ್ಲಿ 14 ಲಕ್ಷ ಡಾಲರ್ ಜಾಮೀನು ಕಟ್ಟಿ ಹೊರಗೆ ತಂದದ್ದು ಡೆತ್ ರೋ ಲೇಬಲ್, ಅದರ ಯಜಮಾನ ಶುಗ್ ನೈಟ್. ಬದಲಿಗೆ ಡೆತ್ ರೋಗೆ ಆಲ್ಬಂ ಮಾಡಬೇಕು. 1996ರ ಫೆಬ್ರವರಿ 13ಕ್ಕೆ 'ಆಲ್ ಐಝ್ ಆನ್ ಮಿ' ಬಂತು, 27 ಹಾಡು. ಡೆತ್ ರೋ ಹಿಂದೆಯೂ ಇದ್ದದ್ದು ಅದೇ ಇಂಟರ್‌ಸ್ಕೋಪ್! ಆದರೆ ಎರಡು ಆಲ್ಬಂ ಒಂದರ ಹಿಂದೆ ಒಂದು ಕೇಳಿ. ಮೊದಲನೆಯದರಲ್ಲಿ ಸಾವಿನ ಭಯ, ಅಮ್ಮನ ನೆನಪು. ಎರಡನೆಯದರಲ್ಲಿ ಶಾಂಪೇನು, ಪಾರ್ಟಿ, ಸೇಡು. ಸ್ಟುಡಿಯೋದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಹಾಡು ಬದಲಾಗುತ್ತದೆ.

ಸ್ನೂಪ್ ಕಥೆ ಇನ್ನೊಂದು ಥರ. ಡೆತ್ ರೋದಿಂದ ತಪ್ಪಿಸಿಕೊಂಡು ಮಾಸ್ಟರ್ ಪಿಯ ನೋ ಲಿಮಿಟ್ ಸೇರಿದ. 1998ರ ಆಗಸ್ಟ್‌ನಲ್ಲಿ ಆಲ್ಬಂ, ಮೊದಲ ವಾರವೇ 5 ಲಕ್ಷಕ್ಕಿಂತ ಜಾಸ್ತಿ ಮಾರಾಟ, ನಂಬರ್ ಒನ್. ಆದರೆ ಹಾಡುಗಳು? ಲಾಂಗ್ ಬೀಚ್ ಹುಡುಗನಿಗೆ ನ್ಯೂ ಆರ್ಲಿಯನ್ಸ್ ಬಟ್ಟೆ ಹಾಕಿದ್ದರು. ಹಾಡಿಗೊಬ್ಬರಂತೆ ನೋ ಲಿಮಿಟ್‌ನ ರ್‍ಯಾಪರ್‌ಗಳು ಬಂದು ಹೋಗುತ್ತಾರೆ, ಸ್ನೂಪ್ ತನ್ನ ಆಲ್ಬಂನಲ್ಲೇ ಅತಿಥಿ. ಪುಣ್ಯಾತ್ಮ 2022ರಲ್ಲಿ ಡೆತ್ ರೋ ಬ್ರ್ಯಾಂಡನ್ನೇ ಖರೀದಿ ಮಾಡಿದ, ಅದು ಬೇರೆ ಮಾತು.

ಕೆಂಡ್ರಿಕ್ ಮಾಡಿದ್ದು ಇದರ ಉಲ್ಟಾ. ಬೇರೆಯವರ ಮನೆಗೆ ಹೋಗಲಿಲ್ಲ.

ಹುಬ್ಳಿ_ಹೆಡ್‌ಫೋನ್

ಮಾಸ್ಟರ್ ವಿಷಯ ಒಪ್ಪಿದೆ. ಅದು ವ್ಯವಹಾರ. ಅವನ ದುಡ್ಡು, ಅವನ ಖುಷಿ. ನನ್ನ ಪ್ರಶ್ನೆ ಸಂಗೀತದ್ದು. ಬಸ್ಯಾ ಹೇಳಿದ್ದು ಕಿವಿಗೆ ಕೇಳಿಸುತ್ತದೆ ಅಂತ. ನನಗೆ ಕೇಳಿಸಿದ್ದು 'ಟು ಪಿಂಪ್ ಎ ಬಟರ್‌ಫ್ಲೈ' ಮಾಡಿದವನು ಕ್ಲಬ್ ಹಾಡು ಮಾಡಿದ್ದಾನೆ ಅಂತ. 'ಮಿಸ್ಟರ್ ಮೊರೇಲ್' 18 ಹಾಡು, ಕೂತು ಯೋಚನೆ ಮಾಡಬೇಕಿತ್ತು. ಇದು 44 ನಿಮಿಷಕ್ಕೆ ಮುಗಿಯಿತು. ಟಿಡಿಇ ಇದ್ದಾಗ ಯಾರೋ ಕೂತು ಇದು ಬೇಡ, ಅದು ಬೇಡ ಅನ್ನುತ್ತಿದ್ದರು. ಟಿಡಿಇ ನಡೆಸುತ್ತಿದ್ದ ಪಂಚ್ ಇದ್ದ, ಟಾಪ್ ಡಾಗ್ ಇದ್ದ. ಈಗ ಬೇಡ ಅನ್ನುವವರೇ ಇಲ್ಲ. 'ಪೀಕಬೂ' ಅನ್ನುವ ಹಾಡು ಅದಕ್ಕೆ ಸಾಕ್ಷಿ.

ಸ್ಯಾಂಪಲ್_ಹುಡುಕಿ

'ಪೀಕಬೂ' ಬಗ್ಗೆ ಒಂದು ಮಾತು ಆಡಿದರೆ ಚೆನ್ನಾಗಿರಲ್ಲ ಹುಬ್ಳಿಯವರೇ. ಆ ಬೇಸ್ ಕಾರಿನಲ್ಲಿ ಕೇಳಬೇಕು.

ಕ್ಲಬ್ ಹಾಡು ಅಂದಿರಿ. ಯಾವ ಕ್ಲಬ್? 'ಸ್ಕ್ವಾಬಲ್ ಅಪ್' ಬಿಚ್ಚಿ ನೋಡಿ, ಒಳಗೆ ಡೆಬ್ಬಿ ಡೆಬ್‌ಳ 1983ರ ಹಾಡಿದೆ. ಆ ಕಾಲದ ಫ್ರೀಸ್ಟೈಲ್ ಡ್ಯಾನ್ಸ್ ಸಂಗೀತ. ಸಿಂಥ್ ಒಂದೇ ಸಾಲು ಗಿರ್ ಅಂತ ಸುತ್ತುತ್ತದೆ. 'ಲೂಥರ್' ತಗೊಳ್ಳಿ. ಲೂಥರ್ ವ್ಯಾಂಡ್ರಾಸ್, ಶೆರಿಲ್ ಲಿನ್ 1982ರಲ್ಲಿ ಹಾಡಿದ ಹಾಡಿನ ತುಣುಕು. ಅದೂ ಮೂಲ ಅಲ್ಲ, 1967ರಲ್ಲಿ ಮಾರ್ವಿನ್ ಗೇ, ಟ್ಯಾಮಿ ಟೆರೆಲ್ ಹಾಡಿದ್ದರು. ಅದರ ಮೇಲೆ ಕಮಾಸಿ ವಾಷಿಂಗ್ಟನ್ ತಂತಿವಾದ್ಯ ಕೂರಿಸಿದ್ದಾನೆ, 'ಬಟರ್‌ಫ್ಲೈ'ನಲ್ಲಿ ಇದ್ದ ಅದೇ ಕಮಾಸಿ. ಹಾಗಾಗಿ ಹಳೇ ಕೆಂಡ್ರಿಕ್ ಎಲ್ಲೂ ಹೋಗಿಲ್ಲ, ಅವಸರದಲ್ಲಿ ಕೇಳಿದರೆ ತಪ್ಪಿಹೋಗುತ್ತಾನೆ ಅಷ್ಟೇ.

'ರೀಇನ್‌ಕಾರ್ನೇಟೆಡ್' ಎಷ್ಟು ಸಲ ಕೇಳಿದಿರಿ? ಟೂಪಾಕ್ ಹಾಡಿನ ಬೀಟ್ ಮೇಲೆ ಮೂರು ಜನ್ಮದ ಕಥೆ. ಮೊದಲ ಜನ್ಮದಲ್ಲಿ ಗಿಟಾರ್ ನುಡಿಸುವ ಗಂಡಸು, 1940ರ ದಶಕ, ದುಡ್ಡಿನ ಆಸೆಗೆ ಹಾಳಾದವನು. ಎರಡನೆಯದರಲ್ಲಿ ಹಾಡುವ ಹೆಂಗಸು, ಊರೂರು ತಿರುಗಿ ಹಾಡಿ ಹೆಸರು ಮಾಡಿ ಹೆರಾಯಿನ್‌ಗೆ ಬಲಿಯಾದವಳು. ಮೂರನೆಯದು ಅವನೇ. ಅಲ್ಲಿ ಅಪ್ಪನ ಜೊತೆ ಶುರುವಾದ ಮಾತು ದೇವರ ಜೊತೆಗಿನ ವಾದ ಆಗಿಬಿಡುತ್ತದೆ. ನೀನು ಒಳ್ಳೆಯವನು ಅಂದುಕೊಂಡಿದ್ದೀಯ, ಜಗಳ ಅಂದರೆ ನಿನಗೆ ಎಷ್ಟು ಇಷ್ಟ ನೋಡಿಕೋ ಅಂತ ಕೇಳಿಸಿಕೊಳ್ಳುತ್ತಾನೆ. ಕೊನೆಗೆ ಹೊರಬೀಳುವುದು ಸ್ವರ್ಗದಿಂದ ತಳ್ಳಿಸಿಕೊಂಡ ಸಂಗೀತಗಾರ ಲೂಸಿಫರ್. ಪೂರ್ವಜನ್ಮದ ಕರ್ಮದ ಕಥೆ ಕೇಳಿ ಬೆಳೆದ ನಮಗೆ ಇದು ಅರ್ಥ ಮಾಡಿಕೊಳ್ಳಲು ಗೂಗಲ್ ಬೇಕಾ? ಇದರ ಪಕ್ಕದಲ್ಲೇ ಪ್ರೊಡ್ಯೂಸರ್ ಮಸ್ಟರ್ಡ್ ಹೆಸರು ಕೂಗುವ 'ಟಿವಿ ಆಫ್' ಇದೆ. ಹಾಡಿನ ನಡುವೆ ಬೀಟ್ ಬದಲಾಗಿ ಆ ಕೂಗು ಬಂದಾಗ ನಗದೆ ಇದ್ದವರು ಯಾರಾದರೂ ಇದ್ದರೆ ಕೈ ಎತ್ತಿ.

ಕುಂದಾಪ್ರ_ಕಿವಿ

ಡೈರಾ ಬರೇರಾ ಬಗ್ಗೆ ಯಾರೂ ಹೇಳಲಿಲ್ವಲ್ಲ. ಆಲ್ಬಂ ಶುರುವಾಗುವುದೇ ಅವಳ ಧ್ವನಿಯಿಂದ. ಸ್ಪ್ಯಾನಿಷ್‌ನಲ್ಲಿ ಹಾಡುವ ಮರಿಯಾಚಿ ಗಾಯಕಿ. 2024ರ ಅಕ್ಟೋಬರ್‌ನಲ್ಲಿ ಡಾಡ್ಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪಂದ್ಯದ ಮೊದಲು, ಆಗಷ್ಟೇ ತೀರಿಕೊಂಡಿದ್ದ ಆಟಗಾರ ಫರ್ನಾಂಡೋ ವ್ಯಾಲೆನ್ಸುವೆಲಾ ನೆನಪಿಗೆ ಹಾಡಿದಳು. ಕೆಂಡ್ರಿಕ್ ಅವಳನ್ನು ಕೇಳಿದ್ದು ಅಲ್ಲಿ. ತಿಂಗಳು ಕಳೆಯುವುದರೊಳಗೆ ಅವಳು ಆಲ್ಬಂನಲ್ಲಿ ಇದ್ದಾಳೆ! ಮೂರು ಹಾಡಿನಲ್ಲಿ. ದೊಡ್ಡ ಲೇಬಲ್ ವ್ಯವಸ್ಥೆಯಲ್ಲಿ ಅಷ್ಟು ಹೊತ್ತಿಗೆ ಲಾಯರ್ ಈಮೇಲ್‌ಗೆ ಉತ್ತರ ಬಂದಿದ್ದರೆ ಪುಣ್ಯ. ಸಂಗೀತದಲ್ಲಿ ಏನು ಬದಲಾಯಿತು ಅಂತ ಕೇಳಿದ್ದಕ್ಕೆ ನನ್ನ ಉತ್ತರ ಇದು. ಮನಸ್ಸಿಗೆ ಬಂದದ್ದನ್ನು ಆ ವಾರವೇ ಮಾಡಬಹುದು.

'ಡಾಡ್ಜರ್ ಬ್ಲೂ' ಹಾಡಿನಲ್ಲಿ ಅವನು ಹೇಳುವುದು, ಹತ್ತನೇ ನಂಬರ್ ಹೈವೇ ದಾಟಿ ದಕ್ಷಿಣಕ್ಕೆ ಬಾರದವರು ಲಾಸ್ ಏಂಜಲೀಸ್ ಇಷ್ಟ ಇಲ್ಲ ಅನ್ನಬೇಡಿ ಅಂತ. ಎಂ.ಜಿ. ರೋಡ್ ಬಿಟ್ಟು ಆಚೆ ಹೋಗದವರು ಬೆಂಗಳೂರು ಸರಿ ಇಲ್ಲ ಅಂದಾಗ ನಮಗೆ ಬರುತ್ತದಲ್ಲ, ಅದೇ ಸಿಟ್ಟು. ಈ ಆಲ್ಬಂ ಆ ಹೈವೇಯ ಆಚೆ ಬದಿಯದ್ದು.

ಬೂಮ್‌ಬ್ಯಾಪ್_ಬಸ್ಯಾ

ಕುಂದಾಪ್ರ ಹೇಳಿದ್ದನ್ನೇ ನಾನು ಮೊದಲ ಪೋಸ್ಟಿನಲ್ಲಿ ಹೇಳಬೇಕಿತ್ತು, ನನಗಿಂತ ಚೆನ್ನಾಗಿ ಹೇಳಿದಿರಿ.

ಹುಬ್ಳಿಯವರೇ, ಬೇಡ ಅನ್ನುವವರಿಲ್ಲ ಅಂದದ್ದು ಒಳ್ಳೆಯ ಮಾತು, ಅದಕ್ಕೆ ಉತ್ತರ ಸುಲಭ ಇಲ್ಲ. ಆದರೆ ಡೇವ್ ಫ್ರೀ ಮತ್ತು ಸೌನ್‌ವೇವ್ ಇನ್ನೂ ಇದ್ದಾರೆ. ಟಿಡಿಇ ಕಾಲದಲ್ಲೂ ಅವನ ಕಿವಿ ಹಿಂಡುತ್ತಿದ್ದವರಲ್ಲಿ ಇವರೂ ಸೇರಿದ್ದರು. ಡೇವ್ ಕಥೆ ಗೊತ್ತಲ್ವಾ? ಅವನು ಕಂಪ್ಯೂಟರ್ ರಿಪೇರಿ ಕೆಲಸ ಮಾಡುತ್ತಿದ್ದ. ಟಾಪ್ ಡಾಗ್ ಮನೆಗೆ ಕಂಪ್ಯೂಟರ್ ಸರಿ ಮಾಡಲು ಹೋಗಿ, ಕೆಲಸ ಎಳೆದಾಡುತ್ತಾ ಕೆಂಡ್ರಿಕ್ ಹಾಡು ಹಾಕಿ ಕೇಳಿಸಿದ. ಅಲ್ಲಿಂದ ಇಬ್ಬರ ಪಯಣ. ಅಂಥವನು ಪಿಜಿಲ್ಯಾಂಗ್ ಶುರು ಮಾಡಿದ ಇಬ್ಬರಲ್ಲಿ ಒಬ್ಬ. ಬೇಡ ಅನ್ನಲು ಅವನಿಗೆ ಹೆದರಿಕೆ ಇರಲ್ಲ ಅಂತ ನನ್ನ ನಂಬಿಕೆ.

ಟಿಡಿಇ ಜೊತೆ ಸಂಬಂಧ ಹೇಗಿದೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. 2024ರ ಜೂನ್ 19ರಂದು ಕಿಯಾ ಫೋರಂನಲ್ಲಿ ನಡೆದ ಶೋನಲ್ಲಿ ಜೇ ರಾಕ್, ಆಬ್ ಸೋಲ್, ಸ್ಕೂಲ್‌ಬಾಯ್ ಕ್ಯೂ ಮೂವರೂ ಅವನ ಜೊತೆ ಸ್ಟೇಜ್ ಮೇಲೆ ಇದ್ದರು. ಸಿಝಾ ಇವತ್ತಿಗೂ ಟಿಡಿಇಯವಳೇ. ಅವಳು ಈ ಆಲ್ಬಂನಲ್ಲಿ ಎರಡು ಹಾಡು ಹಾಡಿದ್ದಾಳೆ, ಟೂರ್ ಮಾಡಿದ್ದಾಳೆ. ಜಗಳ ಆಡಿ ಬಿಟ್ಟಿದ್ದರೆ ಇದೆಲ್ಲ ಆಗುತ್ತಿತ್ತಾ?

ಟೊರಾಂಟೋ_ತುಮಕೂರು

ಲೆಕ್ಕವನ್ನೂ ಹಾಕಿಬಿಡಿ ಹಾಗಾದರೆ. ಮೊದಲ ವಾರ ಅಮೆರಿಕದಲ್ಲಿ 3,19,000 ಯೂನಿಟ್, ನಂಬರ್ ಒನ್. ಪ್ರಚಾರ ಮಾಡಿ ಬಂದ 'ಮಿಸ್ಟರ್ ಮೊರೇಲ್' 2,95,500. ಬಿಲ್‌ಬೋರ್ಡ್ ಹಾಟ್ 100ರ ಮೊದಲ ಐದೂ ಸ್ಥಾನ ಇದರ ಹಾಡುಗಳದ್ದೇ. 'ಲೂಥರ್' ಆಮೇಲೆ 13 ವಾರ ಮೇಲೆಯೇ ಕೂತಿತ್ತು. ಆದರೆ 'ಡ್ಯಾಮ್' ಮೊದಲ ವಾರ 6 ಲಕ್ಷ ದಾಟಿತ್ತು ಅನ್ನುವುದನ್ನೂ ಹೇಳಬೇಕು. ಕೆಂಡ್ರಿಕ್ ನಡುವಿರಾಮದಲ್ಲಿ ಹಾಡಿದ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ಆದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, 2025ರ ಫೆಬ್ರವರಿ 9. ಲಿಲ್ ವೇಯ್ನ್ ಊರು. ತನ್ನನ್ನು ಕರೆಯಲಿಲ್ಲ ಅಂತ ವೇಯ್ನ್ ಬೇಜಾರಾಗಿದ್ದ, ಅದನ್ನೂ ಮೊದಲ ಹಾಡಿನಲ್ಲಿ ಕೆಂಡ್ರಿಕ್ ಎತ್ತಿ ಆಡಿದ್ದಾನೆ.

ಕ್ಯಾಸೆಟ್_ಕಾಲದವ

ವೇಯ್ನ್ ಅಂದಾಗ ನೆನಪಾಯಿತು. ಲೇಬಲ್ ಬಿಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಅವನಿಗಿಂತ ಉದಾಹರಣೆ ಬೇಡ. ಹುಡುಗನಾಗಿದ್ದಾಗಿಂದ ಕ್ಯಾಶ್ ಮನಿಯಲ್ಲಿ ಇದ್ದ. 2015ರ ಜನವರಿಯಲ್ಲಿ 5.1 ಕೋಟಿ ಡಾಲರ್‌ಗೆ ಕೇಸು ಹಾಕಿದ. 'ಕಾರ್ಟರ್ 5' ಆಲ್ಬಂ ರೆಡಿ ಇದ್ದೂ ಕೈಗೆ ಸಿಗಲಿಲ್ಲ. ಒಪ್ಪಂದ ಆಗಿ ಬಂದದ್ದು 2018ರ ಸೆಪ್ಟೆಂಬರ್ 28. ನಾಲ್ಕು ವರ್ಷ ಹಳೇ ಹಾಡುಗಳು ಕೆಲವು. ಕೇಳುವಾಗ ಗೊತ್ತಾಗುತ್ತದೆ. ಜೇ ಝೀ ಆದರೆ ಡೆಫ್ ಜ್ಯಾಮ್‌ಗೆ 50 ಲಕ್ಷ ಡಾಲರ್ ಕೊಟ್ಟು 'ಬ್ಲೂಪ್ರಿಂಟ್ 3' ಬಿಡಿಸಿಕೊಂಡು 2009ರಲ್ಲಿ ತನ್ನ ರಾಕ್ ನೇಷನ್‌ನಲ್ಲಿ ಹಾಕಿದ. ದುಡ್ಡು ಇದ್ದವನು ಕೊಟ್ಟು ಬಿಡಿಸಿಕೊಂಡ, ಇನ್ನೊಬ್ಬ ವರ್ಷಗಟ್ಟಲೆ ಕೋರ್ಟು ಅಲೆದ, ಕೆಂಡ್ರಿಕ್ ಲೆಕ್ಕ ಚುಕ್ತಾ ಮಾಡಿ ಹೊರಟ.

ಎರಡನೇ_ವರ್ಸ್

ಇಷ್ಟು ಓದಿದ ಮೇಲೆ 'ಹಾರ್ಟ್ ಪಾರ್ಟ್ 6' ಕೇಳಿದೆ. ಮೊದಲ ಸಲ ಸುಮ್ನೆ ಸ್ಲೋ ಹಾಡು ಅಂತ ದಾಟಿಸಿದ್ದೆ. ಈಗ ಆ ಹೆಸರುಗಳು ಯಾರದ್ದು ಅಂತ ಗೊತ್ತಾದ ಮೇಲೆ ಬೇರೆ ಹಾಡೇ ಆಗಿಹೋಯಿತು. ಮುಂದೆ ಯಾವುದು ಕೇಳಲಿ? ಹಿಂದಕ್ಕೆ ಹೋಗಲಾ?

ಸ್ಯಾಂಪಲ್_ಹುಡುಕಿ

ಹಿಂದಕ್ಕೇ ಹೋಗಿ. 'ಗುಡ್ ಕಿಡ್' ಮೊದಲು, ಅದರಲ್ಲಿ ಇದೇ ಹುಡುಗರ ಕಥೆ ಬೇರೆ ವಯಸ್ಸಿನಲ್ಲಿ ಸಿಗುತ್ತದೆ. ಆಮೇಲೆ ಬಂದು 'ಗ್ಲೋರಿಯಾ' ಕೇಳಿ, ಹೆಂಡತಿ ಬಗ್ಗೆ ಅಂದುಕೊಂಡು ಕೇಳುತ್ತಾ ಹೋದರೆ ಕೊನೆಗೆ ಅವಳು ಅವನ ಪೆನ್ನು ಅಂತ ಗೊತ್ತಾಗುತ್ತದೆ. ಅಯ್ಯೋ, ಹೇಳಿಬಿಟ್ಟೆ.

ಹುಬ್ಳಿ_ಹೆಡ್‌ಫೋನ್

'ರೀಇನ್‌ಕಾರ್ನೇಟೆಡ್' ಮತ್ತೆ ಕೇಳಿದೆ, ಚೆನ್ನಾಗಿದೆ. ಆ ಹುಡುಗಿಯನ್ನು ತಿಂಗಳೊಳಗೆ ಕರೆಸಿದ್ದು ಕೂಡ ಭಾರಿ ಆಯಿತು. 'ಪೀಕಬೂ' ಮಾತ್ರ ಈಗಲೂ ಸ್ಕಿಪ್ ಮಾಡುತ್ತೇನೆ, ಯಾರ ಲೇಬಲ್ ಆದರೂ ಸರಿ.